ಎಲ್ಕ್ ಬೇಟೆಗೆ .308 ಸಾಕಾ, .300 ವಿನ್ ಮ್ಯಾಗ್ ಬೇಕೇ ಬೇಕಾ?

ಡೆನ್ವರ್_ಗೌಡ
ಎಲ್ಲರಿಗೂ ನಮಸ್ಕಾರ. ಕೊಲೊರಾಡೋದಲ್ಲಿದೀನಿ, ಹಂಟರ್ ಎಜುಕೇಶನ್ ಕಾರ್ಡ್ ಆಯ್ತು, ಡ್ರಾದಲ್ಲಿ (ಲಾಟರಿ ಥರ) ಹೆಣ್ಣು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಹೊಡೆಯೋ ಟ್ಯಾಗೂ, ಅಂದ್ರೆ ಪರವಾನಗಿನೂ, ಸಿಕ್ತು, ಅಕ್ಟೋಬರ್ ರೈಫಲ್ ಸೀಸನ್‌ಗೆ. ಈಗ ರೈಫಲ್ ತಗೋಬೇಕು. ಅಂಗಡಿಯವ್ರು ಎಲ್ಕ್ ಅಂದ್ರೆ .300 ವಿನ್ ಮ್ಯಾಗ್‌ಗಿಂತ (ಮ್ಯಾಗ್ನಮ್, ಮದ್ದು ಜಾಸ್ತಿ ಇರೋ ಜೋರು ತೋಟಾ) ಕೆಳಗೆ ಹೋಗ್ಲೇಬೇಡಿ ಅಂತಾರೆ, ಆಫೀಸಲ್ಲಿ ಒಬ್ರು 6.5 ಕ್ರೀಡ್‌ಮೂರ್ (ಒದೆತ ಕಮ್ಮಿ ಇರೋ ಸಣ್ಣ ತೋಟಾ) ಧಾರಾಳ ಸಾಕು ಅಂತಾರೆ. ಫ್ರೆಂಡ್‌ದು .308 (ಇವೆರಡರ ನಡುವಿನ ತೋಟಾ) ರೈಫಲ್ ರೇಂಜಲ್ಲಿ ಹೊಡೆದು ನೋಡಿದೆ, ಗುರಿ ಚೆನ್ನಾಗಿ ಕೂರುತ್ತೆ, .300 ಮಾತ್ರ ಭುಜಕ್ಕೆ ಒದೆಯೋ ರಭಸಕ್ಕೆ ಎರಡನೇ ಗುಂಡಿಗೇ ಮೈ ಬಿಗಿಯಾಗುತ್ತೆ. ಪ್ರಾಣಿ ನರಳಬಾರ್ದು, ನಂಗೆ ಅದೊಂದೇ ಚಿಂತೆ. ಗೊತ್ತಿರೋರು ಹೇಳಿ.

ಮೊಂಟಾನ_ಪೊನ್ನಪ್ಪ
.308 ನಿಮಗೆ ಒಗ್ಗಿದೆ ಅಂದ್ಮೇಲೆ ಅದನ್ನೇ ತಗೊಳಿ, ಅಂಗಡಿ ಮಾತು ಬಿಡಿ. ಕೊಲೊರಾಡೋ ಕಾನೂನು ಎಲ್ಕ್‌ಗೆ ಕೇಳೋದು ಕನಿಷ್ಠ .24 ಕ್ಯಾಲಿಬರ್ (ಇಂಚಲ್ಲಿ ಗುಂಡಿನ ದಪ್ಪ), 85 ಗ್ರೇನ್ (ಸುಮಾರು 5.5 ಗ್ರಾಂ) ತೂಕದ ಒಳಗೋಗಿ ಅರಳೋ ಬುಲೆಟ್, 100 ಗಜದಲ್ಲಿ 1000 ಫುಟ್-ಪೌಂಡ್ ಶಕ್ತಿ ಅಷ್ಟೇ, ಅದು ಕನಿಷ್ಠ ಮಾತ್ರ. ಹಳಬರು ಎಲ್ಕ್‌ಗೆ ಗುಂಡು ಬೀಳೋ ಜಾಗದಲ್ಲಿ 1500 ಫುಟ್-ಪೌಂಡ್ ಇರ್ಲಿ ಅಂತ ಲೆಕ್ಕ ಹಾಕ್ತಾರೆ, 165 ಗ್ರೇನ್ .308 ತೋಟಾ 300 ಗಜದಲ್ಲೂ ಅದಕ್ಕಿಂತ ಮೇಲೇ ಇರುತ್ತೆ, ಹೆಣ್ಣು ಎಲ್ಕ್ ಅಂದ್ರೆ ಸುಮಾರು 225 ಕೆಜಿ, ಸಾಕಾಗುತ್ತೆ. ಅದೇ ತೂಕದ ರೈಫಲ್‌ನಲ್ಲಿ .300 ಒದೆತ .308ಕ್ಕಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು, ಆ ಭಯಕ್ಕೆ ಟ್ರಿಗರ್ ಎಳೆದುಬಿಟ್ರೆ ಗುಂಡು ಹೊಟ್ಟೆಗೆ ಬೀಳುತ್ತೆ, ಪ್ರಾಣಿ ಗಂಟೆಗಟ್ಟಲೆ ನರಳಿ ಎಲ್ಲೋ ಪೊದೆಯಲ್ಲಿ ಸಾಯುತ್ತೆ. ಮುಂಗಾಲಿನ ಹಿಂದೆ ಶ್ವಾಸಕೋಶಕ್ಕೆ ಬಿದ್ದ .308 ಮುಂದೆ ಹೊಟ್ಟೆಗೆ ಬಿದ್ದ ಮ್ಯಾಗ್ನಮ್ ಏನೂ ಅಲ್ಲ.

ಕ್ಯಾಲಿಬರ್‌ಗಿಂತ ಬುಲೆಟ್ ಬಗ್ಗೆ ತಲೆ ಕೆಡಿಸ್ಕೊಳಿ. ಎಲ್ಕ್ ಭುಜದ ಮೂಳೆ ದಪ್ಪ, ಜಿಂಕೆಗೆ ಮಾಡಿದ ಮೆತ್ತನೆ ಬುಲೆಟ್ ಮೇಲ್ಮೇಲೇ ಒಡೆದು ಚೂರಾಗ್ಬಹುದು. ಬಾಂಡೆಡ್ (ಒಳಗಿನ ಸೀಸ ಹೊದಿಕೆಗೆ ಅಂಟಿರೋ ಬುಲೆಟ್) ತಗೊಳಿ, ಇಲ್ಲಾ ನಾಸ್ಲರ್ ಪಾರ್ಟಿಶನ್ (ಒಳಗೆ ಅಡ್ಡಗೋಡೆ ಇರೋದು), ಅದು 1948ರಿಂದ ಇದೆ, ಇವತ್ತಿಗೂ ನಂಬಬಹುದು.

ಬೋಯ್ಸಿ_ಭಟ್ರು
ಪೊನ್ನಪ್ಪನವರ ಮಾತು ಒಪ್ತೀನಿ, ಆದ್ರೆ ಮುಂದೆ ಗಂಡು ಎಲ್ಕ್ ಟ್ಯಾಗ್ ಸಿಕ್ರೆ ಅಂತಾನೂ ಯೋಚ್ನೆ ಮಾಡಿ, ಅದು 300 ಕೆಜಿ ದಾಟುತ್ತೆ. ನನ್ನ ಓಟು .30-06ಗೆ. 1906ರಿಂದ ಇರೋ ತೋಟಾ, 150ರಿಂದ 220 ಗ್ರೇನ್‌ವರೆಗೆ ಬುಲೆಟ್ ಸಿಗುತ್ತೆ, ಒದೆತ .308ಕ್ಕಿಂತ ಸ್ವಲ್ಪ ಜಾಸ್ತಿ, ಮ್ಯಾಗ್ನಮ್ ಥರ ಅಲ್ಲ. 6.5 ಕ್ರೀಡ್‌ಮೂರ್ ಕೆಟ್ಟದ್ದಲ್ಲ, ಹತ್ತಿರದಿಂದ ಪಕ್ಕೆಗೆ ಹೊಡೆಯೋ ತಾಳ್ಮೆ ಇರೋರಿಗೆ ಸರಿ, 143 ಗ್ರೇನ್ ಬುಲೆಟ್ 400 ಗಜದ ಹತ್ರ 1500ರ ಕೆಳಗೆ ಇಳಿಯುತ್ತೆ, ಮೊದಲ ಸಲ ಹೋಗೋರಿಗೆ ನಾನು ಹೇಳಲ್ಲ. ಅಲಾಸ್ಕಾದ ಕಂದು ಕರಡಿ ಅಂದ್ರೆ ಮಾತೇ ಬೇರೆ, ಅಲ್ಲಿ .338, .375 ಅಂತ ಮಾತಾಡೋಣ.

ಕಾಫಿತೋಟ
ಊರಲ್ಲಿ ನಮ್ಮನೆ ಜೋಡಿನಳಿಗೆ ಕೋವಿ ಇದೆ, ಕಡವೆಗೆ ಇದೆಲ್ಲ ಹೇಗೆ?

ಮೊಂಟಾನ_ಪೊನ್ನಪ್ಪ
@ಕಾಫಿತೋಟ ಆ ಮಾತೇ ಬೇಡ ಮಾರಾಯ್ರೇ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಡವೆ ಹೊಡೆದ್ರೆ ಜೈಲು. ನಮ್ಮ ಕೊಡಗಿನವರಿಗೆ ವಿನಾಯಿತಿ ಇರೋದು ಕೋವಿ ಲೈಸೆನ್ಸಿಗೆ, ಬೇಟೆಗಲ್ಲ. ಇಲ್ಲಿ ಸರ್ಕಾರವೇ ಹಿಂಡಿನ ಲೆಕ್ಕ ನೋಡಿ ಟ್ಯಾಗ್ ಕೊಡುತ್ತೆ, ಅದಕ್ಕೇ ಈ ಚರ್ಚೆ.

ಸ್ಯಾಕ್ರಮೆಂಟೊ_ಶೆಟ್ಟಿ
ಇನ್ನೊಂದು ವಿಷ್ಯ, ಸೀಸದ ಬುಲೆಟ್ ಬದಲು ತಾಮ್ರದ್ದು ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಯಾವ ಬೇಟೆಗೂ ಸೀಸ ಬಳಸೋ ಹಾಗಿಲ್ಲ, ಕರುಳು ಬಿಟ್ಟು ಬಂದ ಜಾಗದಲ್ಲಿ ಸೀಸದ ಚೂರು ತಿಂದು ಕಾಂಡೋರ್ (ದೊಡ್ಡ ರಣಹದ್ದು), ಹದ್ದುಗಳು ಸಾಯ್ತಾವೆ ಅಂತ. ನಿಮ್ಮಲ್ಲಿ ಕಡ್ಡಾಯ ಇಲ್ದಿದ್ರೂ ಮನೆ ಮಕ್ಕಳು ತಿನ್ನೋ ಮಾಂಸ ಅಲ್ವಾ. ತಾಮ್ರದ ಬುಲೆಟ್ ಚೂರಾಗಲ್ಲ, ಹಾಗಾಗಿ .308ರಲ್ಲಿ 150 ಗ್ರೇನ್ ಸಾಕು, ಮೂಳೆ ಸೀಳ್ಕೊಂಡು ಹೋಗುತ್ತೆ.

ಡೆನ್ವರ್_ಗೌಡ
ಎಲ್ರಿಗೂ ಥ್ಯಾಂಕ್ಸ್. .308, ತಾಮ್ರದ 150 ಗ್ರೇನ್, ಫಿಕ್ಸ್. ಝೀರೋ (ಗುರಿ ಇಟ್ಟಲ್ಲೇ ಗುಂಡು ಬೀಳೋ ಹಾಗೆ ಹೊಂದಿಸೋದು) ಎಷ್ಟು ಗಜಕ್ಕೆ ಮಾಡ್ಕೊಳ್ಲಿ?

ಬೋಯ್ಸಿ_ಭಟ್ರು
200 ಗಜಕ್ಕೆ ಮಾಡಿ. 300ರಲ್ಲಿ ಸುಮಾರು 8 ಇಂಚು ಕೆಳಗೆ ಬೀಳುತ್ತೆ, ಅದನ್ನ ಕಾಗದದ ಮೇಲೆ ಹೊಡೆದೇ ಖಾತ್ರಿ ಮಾಡ್ಕೊಳಿ, ಬೇಟೆಗೆ ಒಯ್ಯೋ ಅದೇ ತೋಟಾದಲ್ಲಿ. ಬೆಂಚ್ ಮೇಲಿಂದ ಮಾತ್ರ ಅಲ್ಲ, ಮಂಡಿಯೂರಿ, ಕೋಲಿಗೆ ಆನಿಸಿ, ಬೆಟ್ಟ ಹತ್ತಿ ಏದುಸಿರು ಬರ್ತಿರೋವಾಗ್ಲೂ ಹೊಡೆದು ಅಭ್ಯಾಸ ಮಾಡಿ. ಹಾಗೆ ಎಷ್ಟು ದೂರದವರೆಗೆ ಊಟದ ತಟ್ಟೆಯಗಲ ಜಾಗಕ್ಕೆ ತಪ್ಪದೆ ಬೀಳುತ್ತೋ, ಅಷ್ಟೇ ನಿಮ್ಮ ರೇಂಜು, ಎಲ್ಕ್ ಅದರಾಚೆ ನಿಂತಿದ್ರೆ ಹತ್ತಿರ ಹೋಗಿ, ಇಲ್ಲಾ ಬಿಟ್ಬಿಡಿ. ಕಿತ್ತಳೆ ಬಣ್ಣದ ಜಾಕೆಟ್ಟು ಟೋಪಿ ಮರೀಬೇಡಿ.