‘ಗಟ್ಟಿ’, ‘ಹೆಪ್ಪುಗಟ್ಟು’, ‘ಜಗ್ಗು’: ಹಿಮ ಮತ್ತು ಮಂಜುಗಡ್ಡೆಯ ಬಲ ಹೇಳಲು ಪದಗಳು

ಪ್ರಶ್ನೆ:

ಕೆನಡಾದಲ್ಲಿ ಚಳಿಗಾಲದಲ್ಲಿ ಸರೋವರಗಳ ಮೇಲೆಯೇ ಲಾರಿ ಓಡಿಸುತ್ತಾರಲ್ಲ, ಆ ರಸ್ತೆಗಳ ಕುರಿತ ಒಂದು ಕೈಪಿಡಿಯನ್ನು ಹೈಸ್ಕೂಲು ಮಕ್ಕಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಸ್ನೋ, ಐಸ್ ಎರಡಕ್ಕೂ ‘ಹಿಮ’ ಎಂದೇ ಬರೆದರೆ ಆದೀತೇ? ಸ್ಟ್ರೆಂತ್, ಹಾರ್ಡ್‌ನೆಸ್ ಎರಡಕ್ಕೂ ‘ಗಟ್ಟಿತನ’ ಸಾಕೇ? ಸಿಂಟರಿಂಗ್, ಕ್ರೀಪ್, ಬ್ರಿಟಲ್ ಇವುಗಳಿಗೆ ಬಳಕೆಯ ಪದಗಳಿವೆಯೇ? ಬಲ್ಲವರು ತಿಳಿಸಬೇಕು.

ಉತ್ತರ:

ಬೇರೆ ಕಡೆ ಹೇಗೋ ನಡೆದೀತು, ಭಾರ ಹೊರುವ ಮಾತು ಬಂದಾಗ ಸ್ನೋ, ಐಸ್ ಎರಡನ್ನೂ ‘ಹಿಮ’ ಅನ್ನಲೇಬಾರದು. ಆಕಾಶದಿಂದ ಉದುರಿ ರಾಶಿಯಾಗುವುದು ಹಿಮ. ಅದರಲ್ಲಿ ಹರಳಿಗಿಂತ ಗಾಳಿಯೇ ಹೆಚ್ಚು. ಆಗತಾನೆ ಬಿದ್ದ ಹಿಮ ಒಂದು ಘನಮೀಟರಿಗೆ 100 ಕಿಲೋ ತೂಗಿದರೆ ಹೆಚ್ಚು. ಗಾಳಿ ಬಡಿದು ಬಿಗಿದದ್ದು 300–400 ಕಿಲೋ. ನೀರೇ ಘನವಾದ ಮಂಜುಗಡ್ಡೆ 917 ಕಿಲೋ. ಬರಿಯ ‘ಮಂಜು’ ಎಂದು ಬರೆಯಬೇಡಿ, ಕೊಡಗಿನವರಿಗೂ ಮಲೆನಾಡಿನವರಿಗೂ ಅದು ಬೆಳಗಿನ ಮುಸುಕು.

‘ಗಟ್ಟಿ’ ನಮ್ಮ ಅಚ್ಚುಮೆಚ್ಚಿನ ಪದ, ತೊಂದರೆಯೂ ಅದರದೇ. ಗೀರಿದರೆ ಗೀರಾಗದ್ದೂ ಗಟ್ಟಿ, ಮುರಿಯದ್ದೂ ಗಟ್ಟಿ, ದ್ರವವಲ್ಲದ್ದೂ ಗಟ್ಟಿ. ಮಂಜುಗಡ್ಡೆಯಲ್ಲಿ ಇವು ಮೂರೂ ಬೇರೆ ಬೇರೆ. ಸೊನ್ನೆಗಿಂತ 10–20 ಡಿಗ್ರಿ ಕೆಳಗೆ ಅದು ಒತ್ತಿದರೆ ತಾಳುವುದು 5ರಿಂದ 25 ಮೆಗಾಪಾಸ್ಕಲ್ (ಒತ್ತಡದ ಅಳತೆ). ಎಳೆದರೆ ತಾಳುವುದು ಸುಮಾರು 0.7ರಿಂದ 3 ಮಾತ್ರ. ಲಾರಿ ಮೇಲೆ ನಿಂತಾಗ ಗಡ್ಡೆಯ ಪದರ ಬಾಗುತ್ತದೆ, ಅದರ ತಳಭಾಗ ಹಿಗ್ಗುತ್ತದೆ. ಮೊದಲ ಬಿರುಕು ಹುಟ್ಟುವುದು ಕಣ್ಣಿಗೆ ಕಾಣದ ಆ ತಳದಲ್ಲೇ. ಆದ್ದರಿಂದ ಸ್ಟ್ರೆಂತ್‌ಗೆ ‘ಒತ್ತು ತಾಳುವ ಬಲ’, ‘ಎಳೆತ ತಾಳುವ ಬಲ’ ಎಂದು ಬಿಡಿಸಿಯೇ ಬರೆಯಿರಿ. ಹಾರ್ಡ್‌ನೆಸ್‌ಗೆ ‘ಗಡಸುತನ’ ಇದೆ. ಬ್ರಿಟಲ್, ಅಂದರೆ ಬಾಗದೆ ಥಟ್ಟನೆ ಮುರಿಯುವುದಕ್ಕೆ ‘ಪೆಡಸು’ ಸರಿಯಾಗಿ ಕೂರುತ್ತದೆ. ಈ ಪೆಡಸುತನ ಕಳೆಯಲೆಂದೇ ಎರಡನೇ ಮಹಾಯುದ್ಧದ ಕಾಲದಲ್ಲಿ ತೂಕದಲ್ಲಿ 14 ಪಾಲು ಮರದ ಹೊಟ್ಟು, 86 ಪಾಲು ನೀರು ಬೆರೆಸಿ ಹೆಪ್ಪುಗಟ್ಟಿಸಿ ಪೈಕ್ರೀಟ್ ಎಂಬ ಗಡ್ಡೆ ಮಾಡಿದರು. ಹೊಟ್ಟಿನ ಎಳೆಗಳು ಬಿರುಕು ಓಡದಂತೆ ತಡೆಯುತ್ತವೆ, ಕರಗುವುದೂ ನಿಧಾನ.

ಕ್ರೀಪ್‌ಗೆ ಹೊಸ ಪದ ಹುಡುಕುವುದೇ ಬೇಡ. ‘ತೊಲೆ ಜಗ್ಗಿದೆ’ ಅನ್ನುತ್ತೇವಲ್ಲ, ಭಾರ ಹೊತ್ತು ಮೆಲ್ಲಮೆಲ್ಲಗೆ ಬಾಗುವುದು, ಅದೇ ಜಗ್ಗು. ಓಡುವ ಲಾರಿಯನ್ನು ತಾಳಿದ ಮಂಜುಗಡ್ಡೆ ಅದೇ ಲಾರಿ ಗಂಟೆಗಟ್ಟಲೆ ನಿಂತರೆ ಜಗ್ಗುತ್ತಾ ಹೋಗಿ ಕೊನೆಗೆ ಒಡೆಯಬಹುದು. ಇದನ್ನು ನೋಡಿಕೊಳ್ಳುವ ಬಗೆ ಸರಳ: ವಾಹನದ ಪಕ್ಕದಲ್ಲಿ ಒಂದು ತೂತು ಕೊರೆಯಬೇಕು. ಭಾರವಿಲ್ಲದೆ ತೇಲುವ 40 ಸೆಂಟಿಮೀಟರ್ ಗಡ್ಡೆಯಲ್ಲಿ ನೀರು ಮೇಲ್ಮೈಗಿಂತ ಸುಮಾರು 3 ಸೆಂಟಿಮೀಟರ್ ಕೆಳಗೆ ನಿಲ್ಲುತ್ತದೆ. ತೂತಿನಿಂದ ನೀರು ಉಕ್ಕಿ ಮೇಲೆ ಹರಿಯಿತೆಂದರೆ ಪದರ ಅಷ್ಟು ಜಗ್ಗಿದೆ ಎಂದರ್ಥ, ವಾಹನವನ್ನು ಕೂಡಲೇ ಸರಿಸಬೇಕು.

ಇನ್ನು ಸಿಂಟರಿಂಗ್, ಅಂದರೆ ಹಿಮದ ಹರಳುಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುವುದು. ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ ಬರೆಯುವುದು ‘ಹಿಮ ಹೆಪ್ಪುಗಟ್ಟಿ’. ಹೆಪ್ಪುಗಟ್ಟುವುದು ದ್ರವ: ಹಾಲು, ರಕ್ತ, ನೀರು. ಇಲ್ಲಿ ದ್ರವವೇ ಬೇಕಿಲ್ಲ. ಹರಳುಗಳು ಒಂದಕ್ಕೊಂದು ತಾಗಿದ ಕಡೆ ಆವಿ ಬಂದು ಕೂತು, ಮೇಲ್ಮೈಯ ಅಣುಗಳು ಸರಿದು, ಸಣ್ಣ ಕತ್ತು ಬೆಳೆಯುತ್ತದೆ. ಸೊನ್ನೆ ಡಿಗ್ರಿಯ ಹತ್ತಿರ ಬೇಗ, ಕಡುಚಳಿಯಲ್ಲಿ ನಿಧಾನ. ಮಲ್ಪೆಯಲ್ಲಿ ಮೀನಿನ ಪೆಟ್ಟಿಗೆಗೆ ತುಂಬಿದ ಐಸ್ ಪುಡಿ ಬೆಳಗಾಗುವಷ್ಟರಲ್ಲಿ ಒಂದೇ ಗಡ್ಡೆಯಾಗುವುದರಲ್ಲಿ ಈ ಗುಣದ ಪಾಲೂ ಇದೆ. ಹಾಗಾಗಿ ‘ಕಣಗಳು ಕಚ್ಚಿಕೊಳ್ಳುವುದು’ ಎನ್ನಿ. ಹಿಮವನ್ನು ಕಲಕಿದರೆ ಅದು ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಹಿಮವನ್ನು ಗುಡ್ಡೆ ಹಾಕಿ ಒಳಗೆ ತಂಗಲು ಗೂಡು ಕೊರೆಯುವವರು ಸಲಿಕೆಯಿಂದ ಮಗುಚಿ ಮಗುಚಿ ರಾಶಿ ಮಾಡಿ, ಒಂದೆರಡು ಗಂಟೆ ಬಿಟ್ಟು, ಆಮೇಲೆ ಒಳಗೆ ಕೊರೆಯುವುದು ಅದಕ್ಕೇ. ಗೋಡೆ 30 ಸೆಂಟಿಮೀಟರ್ ಉಳಿಯಲೆಂದು ಅಷ್ಟೇ ಉದ್ದದ ಕಡ್ಡಿಗಳನ್ನು ಹೊರಗಿನಿಂದ ಚುಚ್ಚಿರುತ್ತಾರೆ. ಒಳಗೆ ಕಡ್ಡಿಯ ತುದಿ ಕಂಡಲ್ಲಿ ಕೊರೆತ ನಿಲ್ಲುತ್ತದೆ. ಕಾಯದೆ ಕೊರೆದರೆ ಚಾವಣಿ ಮೈಮೇಲೆ ಕುಸಿಯುತ್ತದೆ.

ಇದೇ ಗುಣದ ಭೀಕರ ಮುಖವನ್ನು ಕನ್ನಡಿಗರು 2016ರ ಫೆಬ್ರವರಿಯಲ್ಲಿ ಕಂಡಿದ್ದೇವೆ. ಸಿಯಾಚಿನ್ನಿನ ಸೋನಂ ನೆಲೆಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಹಿಮದಡಿ ಆರು ದಿನ ಸಿಲುಕಿದ್ದರು. ಹುಡುಕುವವರಿಗೆ ಬಂಡೆ ಕೊರೆಯುವ ಯಂತ್ರ, ವಿದ್ಯುತ್ ಗರಗಸಗಳೇ ಬೇಕಾದವು. ಉರುಳಿ ಬಂದ ಹಿಮ ಕಲಕಿಹೋಗಿರುತ್ತದೆ, ನಿಂತ ಕೂಡಲೇ ಕಚ್ಚಿಕೊಳ್ಳತೊಡಗುತ್ತದೆ. ಹೀಗೆ ಹಿಮ ಉರುಳಿ ಬೀಳುವುದನ್ನು ‘ಹಿಮಪಾತ’ ಎಂದು ಬರೆಯುವ ರೂಢಿಯಿದೆ. ಹಿಮ ಸುರಿಯುವುದಕ್ಕೂ ಅದೇ ಪದವಿರುವುದರಿಂದ ದಯವಿಟ್ಟು ‘ಹಿಮಕುಸಿತ’ ಎನ್ನಿ.

ಮತ್ತೊಂದು ಉತ್ತರ:

ಮೇಲಿನವರು ಹೇಳಿದ್ದಕ್ಕೆ ರಸ್ತೆಯ ಲೆಕ್ಕದಿಂದ ಒಂದು ಭೇದ ಸೇರಿಸುತ್ತೇನೆ. ‘ಮಂಜುಗಡ್ಡೆ’ಯಲ್ಲೂ ಎರಡು ಬಗೆ: ನೀರು ಮೇಲಿನಿಂದ ಕೆಳಕ್ಕೆ ಗಟ್ಟಿಯಾದ ‘ತಿಳಿಗಡ್ಡೆ’, ನೀರು ನೆಂದ ಹಿಮ ಗಟ್ಟಿಯಾದ ‘ಬಿಳಿಗಡ್ಡೆ’. ಬಿಳಿಗಡ್ಡೆಯ ದಪ್ಪವನ್ನು ಅರ್ಧವೆಂದೇ ಎಣಿಸುತ್ತಾರೆ. ಕೆನಡಾದ ಸಂಶೋಧಕ ಗೋಲ್ಡ್ ಅವರ ಸೂತ್ರದಲ್ಲಿ ದಪ್ಪವನ್ನು ಸೆಂಟಿಮೀಟರಿನಲ್ಲಿ ವರ್ಗ ಮಾಡಿ 4ರಿಂದ ಗುಣಿಸಿದರೆ ತಾಳುವ ಭಾರ ಕಿಲೋದಲ್ಲಿ ಸಿಗುತ್ತದೆ. ಹೆಚ್ಚು ಎಚ್ಚರ ಬೇಕಿದ್ದರೆ 3.5ರಿಂದ. ತಿಳಿಗಡ್ಡೆ 20, ಬಿಳಿಗಡ್ಡೆ 10 ಸೆಂಟಿಮೀಟರ್ ಇದ್ದರೆ ಲೆಕ್ಕಕ್ಕೆ ಬರುವುದು 25, ಅಂದರೆ 2500 ಕಿಲೋ. ಎರಡನ್ನೂ ಒಂದೇ ಎಂದು 30 ಹಿಡಿದರೆ 3600 ಬರುತ್ತದೆ. ಮಧ್ಯದ ಆ 1100 ಕಿಲೋದಲ್ಲಿ ವಾಹನ ಮುಳುಗುತ್ತದೆ. ಅನುವಾದದಲ್ಲಿ ಈ ಎರಡು ಪದ ಬೇರೆಯಾಗಿಯೇ ಉಳಿಯಲಿ.

ಈ ಲೆಕ್ಕ ನಿಂತ ನೀರಿನದು. ಲಡಾಖಿನ ಜಂಸ್ಕಾರ್ ನದಿಯ ‘ಚಾದರ್’ನಂಥ (ಹೆಪ್ಪುಗಟ್ಟಿದ ನದಿಯ ಮೇಲಿನ ಕಾಲುದಾರಿ) ಕಡೆ ಹರಿವು ಅಡಿಯಿಂದ ಕೊರೆಯುವುದರಿಂದ ನಾಲ್ಕು ಹೆಜ್ಜೆಗೊಂದು ದಪ್ಪ.

‘ವೇಗಮಿತಿ’ಯ ಕಾರಣವನ್ನೂ ಮಕ್ಕಳಿಗೆ ಬಿಡಿಸಿ ಹೇಳಿ. ಲಾರಿಯ ಕೆಳಗಿನ ತಗ್ಗು ಲಾರಿಯ ಜೊತೆಗೇ ಓಡುತ್ತದೆ, ನೀರಿನಲ್ಲಿ ಅಲೆ ಎಬ್ಬಿಸುತ್ತದೆ. 4 ಮೀಟರ್ ಆಳದ ನೀರಲ್ಲಿ ಆ ಅಲೆಯ ವೇಗ ಗಂಟೆಗೆ ಸುಮಾರು 22 ಕಿಲೋಮೀಟರ್. ಲಾರಿಯೂ ಅದೇ ವೇಗದಲ್ಲಿ ಹೋದರೆ ಅಲೆ ಬೆಳೆಯುತ್ತಾ ಹೋಗಿ ಗಡ್ಡೆಯನ್ನು ಒಡೆಯುತ್ತದೆ. ಆಳ ಹೆಚ್ಚಿದಷ್ಟೂ ಅಲೆಯ ವೇಗವೂ ಹೆಚ್ಚು. ಕೆನಡಾದ ಟಿಬ್ಬಿಟ್–ಕಾಂಟ್‌ವಾಯ್ಟೊ ಮಂಜುಗಡ್ಡೆ ರಸ್ತೆಯಲ್ಲಿ ತುಂಬಿದ ಲಾರಿಗಳಿಗೆ ಗಂಟೆಗೆ 25 ಕಿಲೋಮೀಟರ್ ಮಿತಿ. ದಡ ಹತ್ತಿರವಾದಂತೆ ಆಳ ಕಡಿಮೆಯಾಗಿ ಅಲೆಯೂ ನಿಧಾನವಾಗುತ್ತದೆ, ಅಲ್ಲಿ ಇನ್ನೂ ಮೆಲ್ಲಗೆ, ದಡಕ್ಕೆ ಓರೆಯಾಗಿ ಏರಬೇಕು.