ಗಿಡದ ಹಾರ್ಮೋನು ಅಳೆಯುವ ಸೆನ್ಸರ್‌ಗೆ ಏನನ್ನೋಣ?

ಗೆಳೆಯರೇ, ಒಂದು ಪದಕ್ಕಾಗಿ ಒಂದು ವಾರದಿಂದ ಒದ್ದಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ಗಿಡದೊಳಗಿನ ಹಾರ್ಮೋನನ್ನು ವಿದ್ಯುತ್ತಿನಿಂದ ಅಳೆಯುವ ಬಗೆಯನ್ನು ರೈತರಿಗೆ ತಿಳಿಸುವ ಬರಹವೊಂದನ್ನು ಬರೆಯುತ್ತಿದ್ದೇನೆ. ಕರಡಿನಲ್ಲಿ ಹೀಗೊಂದು ಸಾಲಿತ್ತು: "ಬೇರಿನಲ್ಲಿರುವ ಆಕ್ಸಿನನ್ನು ಸಂವೇದಕ ಗುರುತಿಸುತ್ತದೆ." ಆಕ್ಸಿನ್ ಅಂದರೆ ಗಿಡದ ಬೆಳವಣಿಗೆಯ ಒಂದು ಹಾರ್ಮೋನು, ಸಂವೇದಕ ಅಂದರೆ ಸೆನ್ಸರ್. ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವ ನಮ್ಮ ಭಾವನವರಿಗೆ ಓದಲು ಕೊಟ್ಟೆ. ಪ್ರತಿ ವರ್ಷ ಗೊಂಚಲುಗಳನ್ನು ಜಿಎ (ಜಿಬ್ಬರೆಲಿಕ್ ಆಮ್ಲ ಎಂಬ ಹಾರ್ಮೋನು) ದ್ರಾವಣದಲ್ಲಿ ಅದ್ದುವವರು ಅವರು, ಹಾರ್ಮೋನು ಅಂದರೆ ಹೊಸದೇನಲ್ಲ. ಓದಿದ ಮೇಲೆ ಕೇಳಿದರು: "ಈ ಸಂವೇದಕ ಗಿಡದಾಗ ಎಲ್ಲಿರ್ತೈತಿ? ಬೇರಿನ್ಯಾಗೋ, ಎಲಿಯಾಗೋ?"

ತಪ್ಪು ಅವರದ್ದಲ್ಲ, ಪದದ್ದು. ಸಂವೇದನೆ ಅಂದರೆ ಜೀವ ಇರುವುದಕ್ಕೆ ಆಗುವಂಥದ್ದು, ಅಲ್ವಾ? ಬಾಗಿಲಿನ ಸಂವೇದಕ, ಕಾರಿನ ಸಂವೇದಕ ಅಂದಾಗ ಗೊಂದಲ ಇಲ್ಲ. ಗಿಡದ ಮಾತು ಬಂದಾಗ ಮಾತ್ರ ಮನಸ್ಸು ಗಿಡದ ಅಂಗದ ಕಡೆಗೇ ಹೋಗುತ್ತದೆ. ಅಂಥದ್ದೊಂದು ಗಿಡದಲ್ಲಿ ನಿಜವಾಗಿಯೂ ಇದೆ ಕೂಡ. ಆಕ್ಸಿನ್ ಬಂದು ಕೂರುವ ಟಿಐಆರ್1 ಎಂಬ ಪ್ರೋಟೀನು ಜೀವಕೋಶದೊಳಗಿದೆ. ಅದರ ಈ ಕೆಲಸ ಗೊತ್ತಾಗಿದ್ದು 2005ರಲ್ಲಿ. ಇಂಥ ಪ್ರೋಟೀನನ್ನು ಗ್ರಾಹಕ ಎಂದು ಬರೆಯುತ್ತಾರೆ. ಅಂಗಡಿಗೆ ಬರುವವರೂ ಗ್ರಾಹಕರೇ, ಆ ತೊಂದರೆ ಇನ್ನೊಂದು ದಿನಕ್ಕಿರಲಿ.

ನನಗೆ ಹೆಸರು ಬೇಕಾಗಿರುವುದು ಹೊರಗಿನಿಂದ ನಾವು ತಾಕಿಸುವ ಸಾಧನಕ್ಕೆ. ಮಾಮೂಲಾಗಿ ಹಾರ್ಮೋನು ಅಳೆಯಬೇಕೆಂದರೆ ಎಲೆಯನ್ನೋ ಬೇರನ್ನೋ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಅರೆದು, ಸಾರ ತೆಗೆದು ದೊಡ್ಡ ಯಂತ್ರಕ್ಕೆ ಹಾಕುತ್ತಾರೆ. ಲೆಕ್ಕ ಸಿಗುತ್ತದೆ, ಆದರೆ ಗಿಡದ ಆ ಭಾಗ ಹೋಯಿತು. ಹೊಸ ಬಗೆಯಲ್ಲಿ ಅರೆಯುವುದೇ ಇಲ್ಲ. ಕೂದಲಿಗಿಂತ ಎಷ್ಟೋ ತೆಳ್ಳಗಿರುವ, ಸುಮಾರು 7 ಮೈಕ್ರೋಮೀಟರ್ ದಪ್ಪದ ಕಾರ್ಬನ್ ಎಳೆಯೊಂದನ್ನು ಗಿಡಕ್ಕೆ ಚುಚ್ಚಿ ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತಾರೆ. 0.6–0.7 ವೋಲ್ಟಿನ ಆಸುಪಾಸಿನಲ್ಲಿ ಆಕ್ಸಿನ್ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಆಗ ಪರದೆಯ ಮೇಲಿನ ಗೆರೆ ಒಂದು ಸಣ್ಣ ದಿಬ್ಬದಂತೆ ಏಳುತ್ತದೆ. ಸ್ಯಾಲಿಸಿಲಿಕ್ ಆಮ್ಲ ಎಂಬ ಇನ್ನೊಂದು ಹಾರ್ಮೋನಿಗೆ ವೋಲ್ಟೇಜು ಇನ್ನೂ ಜಾಸ್ತಿ ಬೇಕು, ಅದರ ದಿಬ್ಬ ಬೇರೆ ಕಡೆ ಬರುತ್ತದೆ. ಆಕ್ಸಿನ್ ಹೆಚ್ಚಿದ್ದಷ್ಟೂ ಅದರ ದಿಬ್ಬ ಎತ್ತರ. ಚುಚ್ಚದೆಯೂ ಅಳೆಯಬಹುದು. 2005ರಲ್ಲೇ ಇಟಲಿಯ ಫ್ಲಾರೆನ್ಸ್‌ನ ಸಂಶೋಧಕರು ಮೆಕ್ಕೆಜೋಳದ ಬೇರಿಗೆ ಗಾಯ ಮಾಡದೆ, ತುದಿಯ ಪಕ್ಕದಲ್ಲೇ ಇಂಥ ಸಾಧನ ಹಿಡಿದು ಆಕ್ಸಿನ್ ಹರಿವನ್ನು ಅಳೆದು ತೋರಿಸಿದ್ದರು.

ಆ ಕಾರ್ಬನ್ ಎಳೆಗೆ ಒಳ್ಳೆಯ ಪದ ನಮ್ಮಲ್ಲಿದೆ: ವಿದ್ಯುದ್ವಾರ, ಅಂದರೆ ಎಲೆಕ್ಟ್ರೋಡ್. ವಿದ್ಯುದಗ್ರ ಎಂದು ಬರೆಯುವವರೂ ಇದ್ದಾರೆ. ನನಗೆ ದ್ವಾರವೇ ಇಷ್ಟ. 1834ರಲ್ಲಿ ಫ್ಯಾರಡೆ ಬಳಕೆಗೆ ತಂದ ಎಲೆಕ್ಟ್ರೋಡ್ ಪದದಲ್ಲಿರುವ ಗ್ರೀಕ್ ಹೋಡೋಸ್ ಅಂದರೆ ದಾರಿ. ಆಕ್ಸಿನ್ ಬಿಟ್ಟುಕೊಟ್ಟ ಎಲೆಕ್ಟ್ರಾನು ಹೊರಬರುವುದು ಆ ಬಾಗಿಲಿನಿಂದಲೇ.

ಆದರೆ ಇಡೀ ಸಾಧನಕ್ಕೆ? ತಕ್ಕಡಿಗೆ ಮುಳ್ಳಿದೆ, ಗಡಿಯಾರಕ್ಕೆ ಮುಳ್ಳಿದೆ, ಇದಕ್ಕೆ 'ಅಳತೆಮುಳ್ಳು' ಅನ್ನೋಣ ಎಂದು ಹೊಳೆದಾಗ ತುಂಬಾ ಖುಷಿಯಾಗಿತ್ತು. ಭಾವನವರಿಗೆ ಫೋನಿನಲ್ಲಿ ಹೇಳಿದೆ. "ಮುಳ್ಳೂ ಗಿಡದ್ದೇ ಅಲ್ಲೇನು?" ಅಂದರು. ಅಲ್ಲಿಗೆ ಅದೂ ಬಿತ್ತು.

ಈಗ ಕೈಯಲ್ಲಿ ಎರಡು ಉಳಿದಿವೆ. ಒಂದು ಸೆನ್ಸರ್. ಮಣ್ಣಿನ ತೇವ ನೋಡುವ ಸೆನ್ಸರ್ ಹಾಕಿಸಿದ ರೈತರ ಬಾಯಲ್ಲಿ ಅದು ಆಗಲೇ ಇದೆ. ಇನ್ನೊಂದು ಅಳೆಸೂಜಿ. ಚುಚ್ಚುವ ಸಾಧನಕ್ಕೆ ಅದು ಸರಿಯಾಗಿ ಹೊಂದುತ್ತದೆ. ಎಲೆಯ ಮೇಲೆ ಪಟ್ಟಿಯ ಹಾಗೆ ಅಂಟಿಸುವಂಥವೂ ಬಂದಿವೆ, ಅವಕ್ಕೆ ಸೂಜಿ ಅಂದರೆ ಸುಳ್ಳಾಗುತ್ತದೆ. ಚುಚ್ಚುವುದಕ್ಕೂ ಅಂಟಿಸುವುದಕ್ಕೂ ಒಪ್ಪುವ, ಗಿಡದ ಅಂಗ ಅನ್ನಿಸದ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಬರಹ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ.