ಕೋಡ್ ಹಾಕಿ ಹಾಕಿ ಸಾಕಾಯಿತು, ಟಿವಿ ಲಾಗಿನ್ ಆಗುತ್ತಲೇ ಇಲ್ಲ

ಮಲೆನಾಡ್_ಮಂಜು: ಮೂರು ದಿನದಿಂದ ಇದೇ ಗೋಳು. ಟಿವಿಯಲ್ಲಿ ಕೋಡ್ ಬರುತ್ತದೆ, ಫೋನಿನಲ್ಲಿ ಹಾಕುತ್ತೇನೆ, 'ಸಕ್ಸಸ್' ಅಂತ ಹಸಿರು ಟಿಕ್ಕೂ ಬರುತ್ತದೆ. ಟಿವಿ ಮಾತ್ರ ಅದೇ ಕೋಡ್ ತೋರಿಸುತ್ತಾ ನಿಂತಿರುತ್ತದೆ. ಸೀರಿಯಲ್ ನೋಡುವ ಆ್ಯಪ್ ತೆಗೆದು ಮತ್ತೆ ಹಾಕಿದೆ, ಟಿವಿ ರೀಸೆಟ್ ಮಾಡಿದೆ. ವರ್ಷದ ದುಡ್ಡು ಕಟ್ಟಿದ್ದೇನೆ, ಅಮ್ಮ ದಿನಾ ಸೀರಿಯಲ್ ಕೇಳುತ್ತಾರೆ. ಯಾರಾದರೂ ದಾರಿ ಹೇಳಿ.

ತಂತಿ_ತಜ್ಞ: ದಿನಾಂಕ ನೋಡಿ. ಕರೆಂಟ್ ಹೋಗಿ ಬಂದರೆ ಕೆಲವು ಟಿವಿ 1970ಕ್ಕೆ ಹೋಗಿಬಿಡುತ್ತವೆ, ಆಗ ಸರ್ವರಿನ, ಅಂದರೆ ಆ್ಯಪ್ ಕಂಪನಿಯ ಕಂಪ್ಯೂಟರಿನ, ಸರ್ಟಿಫಿಕೇಟ್ (ಅದು ಅಸಲಿ ಅನ್ನುವ ಗುರುತುಪತ್ರ) ಟಿವಿ ಒಪ್ಪುವುದಿಲ್ಲ.

ಮಲೆನಾಡ್_ಮಂಜು: ದಿನಾಂಕ ಸರಿಯಾಗಿದೆ ಸರ್.

ತಂತಿ_ತಜ್ಞ: ಹಾಗಾದರೆ ಟೈಮ್ ಝೋನ್. ಆಟೋ ತೆಗೆದು ಕೈಯಲ್ಲೇ ಹಾಕಿ.

ಮೆಶ್_ಮನೆ: ಝೋನಿಗೂ ಇದಕ್ಕೂ ಏನು ಸಂಬಂಧ? ವೈಫೈ 5 ಗಿಗಾಹರ್ಟ್ಸ್‌ಗೆ ಹಾಕಿ. ನಾನು ಮನೆಯಿಡೀ ಕ್ಯಾಟ್6 ಕೇಬಲ್ ಎಳೆಸಿ ವೈಫೈ ಹರಡುವ ಮೂರು ಮೆಶ್ ಪಾಯಿಂಟ್ ಇಟ್ಟಿದ್ದೇನೆ, ಒಂದು ದಿನವೂ ತೊಂದರೆ ಆಗಿಲ್ಲ.

ತಂತಿ_ತಜ್ಞ: ಗೋಡೆ ದಪ್ಪ ಇದ್ದರೆ 2.4 ಒಳ್ಳೆಯದು. ಸುಮ್ನೆ ದಾರಿ ತಪ್ಪಿಸಬೇಡಿ.

ಸುಮಾ_ಕೋಡ್ಸ್: ಇಬ್ಬರೂ ಸ್ವಲ್ಪ ನಿಲ್ಲಿಸಿ. ಗಡಿಯಾರವೋ ನೆಟ್ಟೋ ಕೆಟ್ಟಿದ್ದರೆ ಟಿವಿಗೆ ಕೋಡೇ ಬರುತ್ತಿರಲಿಲ್ಲ. ಹೀಗೆ ಕೋಡ್ ಹಾಕಿ ಲಾಗಿನ್ ಆಗುವ ವಿಧಾನದ ನಿಯಮ 2019ರ ಆರ್‌ಎಫ್‌ಸಿ 8628 ಅನ್ನುವ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲಿದೆ. ಸರ್ವರ್ ಎರಡು ಕೋಡ್ ಕೊಡುತ್ತದೆ, ಚಿಕ್ಕದು ಪರದೆ ಮೇಲೆ, ಉದ್ದದ್ದು ಟಿವಿಯ ಒಳಗೆ ಗುಟ್ಟಾಗಿ. ಆಮೇಲೆ ಟಿವಿ 'ಒಪ್ಪಿದರಾ, ಒಪ್ಪಿದರಾ' ಅಂತ ಕೇಳುತ್ತಲೇ ಇರುತ್ತದೆ, ಸರ್ವರ್ ಬೇರೆ ಹೇಳದಿದ್ದರೆ 5 ಸೆಕೆಂಡಿಗೊಮ್ಮೆ. ನೀವು ನಿಜಕ್ಕೂ ಒಪ್ಪಿದ್ದರೆ ಟಿವಿ ಆಗಲೇ ತೆರೆದುಕೊಳ್ಳಬೇಕಿತ್ತು. ಮಂಜು, ಕೋಡ್ ಹಾಕಿದ್ದು ಯಾವ ಪೇಜಿನಲ್ಲಿ? ಟಿವಿ ಮೇಲಿದ್ದ ವಿಳಾಸವನ್ನೇ ಟೈಪ್ ಮಾಡಿದಿರಾ?

ಮಲೆನಾಡ್_ಮಂಜು: ಇಲ್ಲ, ಗೂಗಲ್‌ನಲ್ಲಿ 'ಟಿವಿ ಆಕ್ಟಿವೇಟ್' ಅಂತ ಹುಡುಕಿ ಮೊದಲು ಬಂದದ್ದನ್ನು ಒತ್ತಿದೆ. ಮೊಬೈಲ್ ನಂಬರ್ ಕೇಳಿತು, ಒಟಿಪಿ ಹಾಕಿದೆ, ಟಿಕ್ ಬಂತು. ಎಲ್ಲರೂ ಹೀಗೇ ಮಾಡುವುದಲ್ವಾ?

ಸುಮಾ_ಕೋಡ್ಸ್: ಅದು ನಕಲಿ ಪೇಜ್. ನಿಮ್ಮ ಒಟಿಪಿ ಹಿಡಿದು ಅವರು ನಿಮ್ಮ ಖಾತೆಗೆ ನುಗ್ಗಿರುತ್ತಾರೆ. ಈಗಲೇ ಖಾತೆಯಲ್ಲಿ ಡಿವೈಸ್ ಪಟ್ಟಿ ನೋಡಿ, ಎಲ್ಲವನ್ನೂ ಸೈನ್ ಔಟ್ ಮಾಡಿ. ಪಾಸ್‌ವರ್ಡ್ ಇದ್ದರೆ ಅದನ್ನೂ ಬದಲಿಸಿ, ಆದರೆ ಅಷ್ಟೇ ಸಾಲದು. ಒಳಗೆ ಬಂದ ಡಿವೈಸ್ ಹತ್ತಿರ ಟೋಕನ್, ಅಂದರೆ ಸರ್ವರ್ ಕೊಟ್ಟ ಪ್ರವೇಶದ ಚೀಟಿ, ಇರುತ್ತದೆ, ಕೆಲವು ಕಡೆ ಪಾಸ್‌ವರ್ಡ್ ಬದಲಾದರೂ ಅದು ನಡೆಯುತ್ತಲೇ ಇರುತ್ತದೆ. ಇನ್ನೊಂದು, ಯಾರಾದರೂ ಫೋನ್ ಮಾಡಿ 'ಈ ಕೋಡ್ ಹಾಕಿ' ಅಂದರೆ ಹಾಕಬೇಡಿ, ಅವರ ಟಿವಿ ನಿಮ್ಮ ಖಾತೆಗೆ ಸೇರಿಕೊಳ್ಳುತ್ತದೆ.

ಮಲೆನಾಡ್_ಮಂಜು: ಪಟ್ಟಿಯಲ್ಲಿ ನಾಲ್ಕು ಇದ್ದವು. ನಮ್ಮವು ಎರಡು ಫೋನ್ ಮಾತ್ರ! ಎಲ್ಲವನ್ನೂ ಹೊರಗೆ ಹಾಕಿ, ಟಿವಿ ಮೇಲಿನ ವಿಳಾಸವನ್ನೇ ಟೈಪ್ ಮಾಡಿದೆ. ಕೋಡ್ ಹಾಕಿ ತಲೆ ಎತ್ತುವಷ್ಟರಲ್ಲಿ ಟಿವಿ ತೆರೆದುಕೊಂಡಿತು. ತುಂಬಾ ಥ್ಯಾಂಕ್ಸ್ ಮೇಡಂ.

ಸುಮಾ_ಕೋಡ್ಸ್: ಒಳ್ಳೆಯದಾಯಿತು. ಆ ನಕಲಿ ಪೇಜಿನಲ್ಲಿ ಕಾರ್ಡ್ ನಂಬರ್ ಏನಾದರೂ ಕೊಟ್ಟಿದ್ದಿರಾ? ಕೊಟ್ಟಿದ್ದರೆ ಬ್ಯಾಂಕಿಗೆ ಈಗಲೇ ಫೋನ್ ಮಾಡಿ.

ಮೆಶ್_ಮನೆ: 2.4ಓ 5ಓ ಅನ್ನುವುದಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ, ತಂತಿ ಸರ್ ಅಲ್ಲಿಗೆ ಬನ್ನಿ.

ಸುಮಾ_ಕೋಡ್ಸ್: ಮಂಜು, ಕಾರ್ಡ್ ವಿಷಯ ಹೇಳಲಿಲ್ಲ?